ದಿನೇಶ್ ಡಿಸೋಜರ ‘ದಿ ಎಂಡ್ ಆಫ್ ರೇಸಿಸಂ’: ಕೊಳ್ಳುವ ಮುನ್ನ

ಅಮೆರಿಕದ ರಾಜಕೀಯ ವ್ಯಾಖ್ಯಾನಕಾರ ದಿನೇಶ್ ಡಿಸೋಜ ಹುಟ್ಟಿದ್ದು ಮುಂಬೈಯಲ್ಲಿ, 1961ರಲ್ಲಿ. ಮನೆತನದ ಮೂಲ ಗೋವಾ. ಹಾಗಾಗಿ ಕಾರವಾರದ ಕಡೆಯವರಿಗೆ ಹೆಸರು ಕೇಳಿದ ಕೂಡಲೇ ಪಕ್ಕದೂರಿನವರು ಅನ್ನಿಸಿಬಿಡುತ್ತದೆ. ಜನಾಂಗದ ಬಗ್ಗೆ ಅವರಾಡುವ ಮಾತುಗಳ ಬೇರು 1995ರ ಈ ಪುಸ್ತಕದಲ್ಲಿದೆ. 700ಕ್ಕೂ ಹೆಚ್ಚು ಪುಟ. ಇಂಗ್ಲಿಷ್ ಕಷ್ಟದ್ದಲ್ಲ, ವಾದ ಸಲೀಸಾಗಿ ಹರಿಯುತ್ತದೆ. ಎಲ್ಲಿ ಜಾರಿತು ಅಂತ ಓದುಗನಿಗೆ ಗೊತ್ತಾಗದಿರುವುದೂ ಅದಕ್ಕೇ.

ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. ಕರಿಯರ ಬುದ್ಧಿಮತ್ತೆ ಹುಟ್ಟಿನಿಂದಲೇ ಕಡಿಮೆಯಿರಬಹುದೇ ಎಂಬ ಚರ್ಚೆ 1994ರಲ್ಲಿ ಅಮೆರಿಕದಲ್ಲಿ ಮತ್ತೆ ಭುಗಿಲೆದ್ದಿತ್ತು. ಡಿಸೋಜ ಆ ದಾರಿ ಹಿಡಿಯುವುದಿಲ್ಲ. ಕರಿಯರ ಮತ್ತು ಬಿಳಿಯರ ನಡುವಿನ ಅಂತರಕ್ಕೆ ಕಾರಣ ರಕ್ತವಲ್ಲ, ಸಂಸ್ಕೃತಿ ಅನ್ನುತ್ತಾರೆ. ಆದರೆ ಅಲ್ಲಿಂದ ಮುಂದಕ್ಕೆ, ಗುಲಾಮಗಿರಿ ಮೂಲತಃ ಜನಾಂಗದ್ವೇಷದ ವ್ಯವಸ್ಥೆಯಲ್ಲ, ಖಾಸಗಿಯವರು ಮಾಡುವ ತಾರತಮ್ಯ ಎಷ್ಟೋ ಸಲ ವಿವೇಕದ್ದು, ಬಣ್ಣ ನೋಡಿ ತಾರತಮ್ಯ ಮಾಡುವುದನ್ನು ತಡೆಯುವ 1964ರ ನಾಗರಿಕ ಹಕ್ಕು ಕಾಯ್ದೆ ಖಾಸಗಿ ವಲಯಕ್ಕೆ ಬೇಡ ಎನ್ನುವಲ್ಲಿಗೆ ಹೋಗಿ ಮುಟ್ಟುತ್ತಾರೆ. ಅವರಿದ್ದ ಬಲಪಂಥೀಯ ಚಿಂತನಾ ಸಂಸ್ಥೆ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟಿನ ನಂಟನ್ನು ಗ್ಲೆನ್ ಲೌರಿ, ರಾಬರ್ಟ್ ವುಡ್‌ಸನ್ ಎಂಬ ಇಬ್ಬರು ಕರಿಯ ಚಿಂತಕರು ಈ ಪುಸ್ತಕಕ್ಕಾಗಿಯೇ ಕಡಿದುಕೊಂಡರು. ಇಬ್ಬರೂ ಎಡಪಂಥೀಯರಲ್ಲ ಎಂಬುದು ನೆನಪಿರಲಿ.

ಗುಲಾಮಗಿರಿಯ ಅಧ್ಯಾಯವನ್ನು ನಿಧಾನಕ್ಕೆ ಓದಬೇಕು. ಗುಲಾಮ ಒಡೆಯನ ಆಸ್ತಿ, ಆಸ್ತಿಯನ್ನು ಯಾರೂ ಹಾಳುಮಾಡಿಕೊಳ್ಳುವುದಿಲ್ಲ, ಆದ್ದರಿಂದ ತಕ್ಕಮಟ್ಟಿಗೆ ಚೆನ್ನಾಗಿಯೇ ನೋಡಿಕೊಂಡರು ಎಂಬುದು ಅಲ್ಲಿನ ಒಂದು ವಾದ. ಈ ತರ್ಕ ಹೊಸದೇನಲ್ಲ. ವರ್ಜೀನಿಯಾದ 1669ರ ಕಾನೂನಿನಲ್ಲಿ ಹೆಚ್ಚುಕಡಿಮೆ ಇದೇ ಇದೆ: ಸ್ವಂತ ಆಸ್ತಿಯನ್ನು ಯಾರೂ ಬೇಕೆಂದೇ ನಾಶ ಮಾಡುವುದಿಲ್ಲ, ಆದ್ದರಿಂದ ಶಿಕ್ಷಿಸುವಾಗ ಗುಲಾಮ ಸತ್ತರೆ ಒಡೆಯನ ಮೇಲೆ ಕೊಲೆ ಅಪರಾಧವಿಲ್ಲ. ಕೊಂದವನನ್ನು ಬಿಟ್ಟುಕಳಿಸಲು ಬಳಸಿದ ಮಾತನ್ನೇ ಕೊಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡರೆ ಹೇಗೆ?

ಕರಿಯರಲ್ಲೂ ಗುಲಾಮರ ಒಡೆಯರಿದ್ದರು ಎಂಬುದು ಇನ್ನೊಂದು. ಅದು ನಿಜ, 1830ರ ಜನಗಣತಿಯಲ್ಲಿ ಹೆಸರುಗಳಿವೆ. ಆ ಪಟ್ಟಿಯನ್ನು ಒಟ್ಟುಮಾಡಿದ ಇತಿಹಾಸಕಾರ ಕಾರ್ಟರ್ ವುಡ್‌ಸನ್ ಮಾತ್ರ, ಇವರಲ್ಲಿ ಬಹಳಷ್ಟು ಜನ ತಮ್ಮ ಹೆಂಡತಿಯನ್ನೋ ಮಕ್ಕಳನ್ನೋ ಬಿಡಿಸಿಕೊಳ್ಳಲು ಕೊಂಡವರು ಎಂದರು. ಕೊಂಡ ಮೇಲೆ ಬಿಡುಗಡೆ ಪತ್ರ ಬರೆದುಕೊಡಬಹುದಿತ್ತಲ್ಲ? ವರ್ಜೀನಿಯಾದ 1806ರ ಕಾನೂನಿನ ಪ್ರಕಾರ ಬಿಡುಗಡೆಯಾದವರು 12 ತಿಂಗಳೊಳಗೆ ರಾಜ್ಯ ಬಿಡಬೇಕಿತ್ತು. ಮನೆಯವಳು ಮನೆಯಲ್ಲೇ ಉಳಿಯಬೇಕೆಂದರೆ ಕಾಗದದಲ್ಲಿ ಗುಲಾಮಳಾಗಿಯೇ ಇರಬೇಕು. ಈ ಕಾನೂನು ಪಕ್ಕಕ್ಕಿಟ್ಟು ಓದದಿದ್ದರೆ ಜನಗಣತಿಯ ಅಂಕಿ ದಾರಿ ತಪ್ಪಿಸುತ್ತದೆ.

ಟ್ಯಾಕ್ಸಿಯವನು ಕರಿಯ ಯುವಕನನ್ನು ಹತ್ತಿಸಿಕೊಳ್ಳದಿರುವುದು ಅಪರಾಧದ ಅಂಕಿಅಂಶ ನೋಡಿ ಹುಟ್ಟಿದ ಎಚ್ಚರಿಕೆ, ದ್ವೇಷವಲ್ಲ ಎನ್ನುವ ವಾದವೂ ಹೀಗೆಯೇ. ಲೆಕ್ಕ ಗುಂಪಿನದು, ಮಳೆಯಲ್ಲಿ ನಿಲ್ಲುವವನು ತಪ್ಪೇ ಮಾಡದ ಒಬ್ಬ.

ಇನ್ನು ಸಂಸ್ಕೃತಿಯ ವಾದ. ಇದನ್ನು ಒರೆಗೆ ಹಚ್ಚಲು ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ತಂದವರಲ್ಲಿ ಹಲವರು ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹೆಚ್ಚಿನವರ ಮನೆಮಾತು ಕೊಂಕಣಿ, ಹೊರಗೆ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಸುತ್ತಲಿನವರ ಮಾತು, ದೇವರು, ಹಬ್ಬವೇ ಇವರದ್ದೂ. ಅಂತರ ಇದ್ದದ್ದು ಪಹಣಿಯಲ್ಲಿ. ಅಡಿಕೆ ತೋಟದವರ ಹೆಸರಿಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ದಾಖಲೆಯಲ್ಲಿದೆ. ಆ ತೋಟಕ್ಕೆ ಕೂಲಿಗೆ ಹೋಗುವ ಸಿದ್ದಿ ತಾನೇ ಕಡಿದು ಹಸನು ಮಾಡಿದ ಗದ್ದೆಗೆ ಅತಿಕ್ರಮಣದಾರ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಡಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಕಾಡಲ್ಲಿದ್ದು, ಬದುಕಿಗೆ ಅದನ್ನೇ ನೆಚ್ಚಿದ್ದರೆ ಹಕ್ಕು ಕೇಳಲು ಅಷ್ಟು ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಜಿಲ್ಲೆಯ ಸಾವಿರಾರು ಅತಿಕ್ರಮಣ ಅರ್ಜಿಗಳು ಸಿಕ್ಕಿಕೊಳ್ಳುವುದು ಈ 75 ವರ್ಷದಲ್ಲೇ. 2003ರ ಮೊದಲೂ ನಂತರವೂ ಸಿದ್ದಿಗಳ ಸಂಸ್ಕೃತಿ ಅದೇ. ಅರ್ಜಿಗೆ ಲಗತ್ತಿಸುವ ಪ್ರಮಾಣಪತ್ರ ಬೇರೆ, ಸಿಗುವ ಹಕ್ಕು ಬೇರೆ. ಡಿಸೋಜ ಬಯಸುವ ಬಣ್ಣ ನೋಡದ, ಜಾತಿ ಕೇಳದ ಸರ್ಕಾರ ಇದ್ದಿದ್ದರೆ ಈ ಕಲಮು ಹುಟ್ಟುತ್ತಲೇ ಇರಲಿಲ್ಲ. ಕಾನೂನು ಕಿತ್ತುಕೊಂಡದ್ದನ್ನು ಕಾನೂನೇ ಹಿಂದಿರುಗಿಸಬೇಕಾಗುತ್ತದೆ ಎಂಬುದಕ್ಕೆ ಈ ದಪ್ಪ ಪುಸ್ತಕದಲ್ಲಿ ಸಮಾಧಾನಕರ ಉತ್ತರವಿಲ್ಲ.

ಕಾನೂನು, ಸಮಾಜಶಾಸ್ತ್ರ ಓದುವವರು, ಮೀಸಲಾತಿಯ ಚರ್ಚೆಗೆ ತಯಾರಾಗುವವರು ಓದಬಹುದು, ಎದುರು ಪಕ್ಷದ ವಾದ ಪೂರ್ತಿ ಸಿಗುತ್ತದೆ. ಇದೊಂದನ್ನೇ ನೆಚ್ಚಿಕೊಂಡು ವೇದಿಕೆ ಹತ್ತುವುದು ಬೇಡ. ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಗ್ರಂಥಾಲಯದ ಪ್ರತಿ ಸಾಕು. ಓದುವಾಗ ಕೊನೆಯ ಟಿಪ್ಪಣಿಗಳ ಪುಟಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಪ್ರತಿ ದೊಡ್ಡ ಮಾತಿಗೂ ಹಿಂದೆ ಹೋಗಿ, ಆಧಾರ ಮೂಲ ಕಾನೂನೋ, ದಾಖಲೆಯೋ, ಇನ್ನೊಬ್ಬರ ಅಭಿಪ್ರಾಯವೋ ನೋಡಿ. ಅಭಿಪ್ರಾಯವಾದರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಮುಂದೆ ಸಾಗಿ.