ತಿಗಣೆಗೆಂದು ತಂದ ಜಿಡ್ಡಿನ ಸ್ಪ್ರೇ, ಬಚ್ಚಲಿನಲ್ಲಿ ಬೆರೆತ ಆಸಿಡ್

ಕಳೆದ ದಸರೆಗೆ ನೆಂಟರು ಬರುವ ಮುನ್ನ ಮನೆಯ ಜಿಡ್ಡನ್ನೂ ಮಂಚದ ತಿಗಣೆಯನ್ನೂ ಒಟ್ಟಿಗೆ ತೊಲಗಿಸಬೇಕೆಂದು ಹೊರಟ ನಾನು, ಮಹಾಲಯ ಅಮಾವಾಸ್ಯೆಯ ಹಿಂದಿನ ರಾತ್ರಿಯನ್ನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಕಳೆಯಬೇಕಾಯಿತು. ತಪ್ಪು ಪೂರ್ತಿ ನನ್ನದೇ ಆದ್ದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಸರಸ್ವತೀಪುರಂನ ನಮ್ಮ ಬಾಡಿಗೆ ಮನೆಗೆ ತಿಗಣೆ ಬಂದದ್ದು ಅಮ್ಮನಿಗೆಂದು ಕೊಂಡ ಹಳೆಯ ತೇಗದ ಮಂಚದ ಜೊತೆಗೆ. ಅಮ್ಮನ ಮುಂಗೈ ಮೇಲೆ ಸಾಲಾಗಿ ದದ್ದು ಎದ್ದಾಗ ಸೊಳ್ಳೆ ಕಡಿತವೆಂದುಕೊಂಡೆವು. ಹಾಸಿಗೆಯ ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆಗಳು ಕಂಡ ಮೇಲೆಯೇ ವಿಷಯ ತಿಳಿದದ್ದು. ಮನೆ ಕೊಳಕಾಗಿರುವುದರಿಂದಲೇ ಹೀಗಾಯಿತೆಂಬ ನಾಚಿಕೆಯಿಂದ ಯಾರನ್ನೂ ಕೇಳಲಿಲ್ಲ. ತಿಗಣೆಗೆ ಬೇಕಾದದ್ದು ರಕ್ತವೇ ಹೊರತು ಕೊಳೆಯಲ್ಲ, ಥಳಥಳಿಸುವ ಮನೆಗೂ ಅದು ಪೆಟ್ಟಿಗೆ, ಬ್ಯಾಗು, ಹಳೆಯ ಮರದ ಸಾಮಾನಿನ ಜೊತೆ ಬರುತ್ತದೆ ಎಂಬುದು ಆಗ ಗೊತ್ತಿದ್ದಿದ್ದರೆ ಸ್ವಚ್ಛತೆಯ ಸಾಮಗ್ರಿಯನ್ನೇ ಔಷಧವೆಂದು ಭಾವಿಸುತ್ತಿರಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಅಡುಗೆಮನೆಯ ಚಿಮಣಿಯ ಜಿಡ್ಡು ತೆಗೆಯುವ ಸ್ಪ್ರೇ. ಅದನ್ನು ಮಂಚದ ಸಂದುಗಳಿಗೆಲ್ಲ ಹೊಡೆದೆ. ಎದುರಿಗೆ ಕಂಡ ಏಳೆಂಟು ತಿಗಣೆಗಳು ಒದ್ದಾಡಿ ಸತ್ತದ್ದನ್ನು ನೋಡಿ ಗೆದ್ದೆನೆಂದುಕೊಂಡೆ. ಅಂಥ ದ್ರಾವಣ ನೇರವಾಗಿ ಮೈ ತೋಯಿಸಿದ ಹುಳುವನ್ನಷ್ಟೇ ಕೊಲ್ಲಬಲ್ಲದು; ಒಣಗಿದ ಮೇಲೆ ಅದಕ್ಕೆ ಆ ಶಕ್ತಿ ಉಳಿಯುವುದಿಲ್ಲ. ರವೆಯ ಕಾಳಿನಷ್ಟೇ ಇರುವ, ಬಿರುಕಿನೊಳಗೆ ಅಂಟಿಕೊಂಡ ಮೊಟ್ಟೆಗಳು ಹಾಗೆಯೇ ಉಳಿದಿದ್ದವು, ಬೆಚ್ಚನೆಯ ಹವೆಯಲ್ಲಿ ಅವು ಒಡೆಯಲು ಆರರಿಂದ ಹತ್ತು ದಿನ ಸಾಕು. ಹತ್ತನೆಯ ದಿನ ಅಮ್ಮ ಮತ್ತೆ ಕೆರೆದುಕೊಳ್ಳುತ್ತಿದ್ದರು. ಈ ಸಲ ಕಡಿತದ ಜೊತೆಗೆ ಉರಿಯೂ ಇತ್ತು. ಆ ಸ್ಪ್ರೇಯಲ್ಲಿದ್ದದ್ದು ಕಾಸ್ಟಿಕ್ ಸೋಡಾ. ನೀರು ತಾಗಿದರೆ ಮರ ಉಬ್ಬೀತೆಂದು ನಾನು ಒರೆಸದೇ ಬಿಟ್ಟಿದ್ದರಿಂದ, ಬೆವರಿದ ಮೊಣಕೈ ತಾಗಿದ ಕಡೆ ಚರ್ಮ ಕೆಂಪಾಗಿ ಸುಲಿದಿತ್ತು. ಮಂಚದ ಪಾಲಿಶ್ ಕೂಡ ಎದ್ದುಬಂದು ಮರ ಕಪ್ಪುಗಟ್ಟಿತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಬದಲಾಗಿ ಮಲಗುವ ಕೋಣೆಗೆ ಹೊಂದಿಕೊಂಡ ಬಚ್ಚಲಿನಲ್ಲಿಯೂ ಹುಳು ಅಡಗಿರಬಹುದೆಂದು, ಜಡಿಮಳೆಗೆ ಕಿಟಕಿ ಮುಚ್ಚಿಕೊಂಡೇ, ನೆಲಕ್ಕೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿದೆ. ಗೋಡೆಯ ಅಂಚಿನ ಕರೆ ಅದಕ್ಕೆ ಬಗ್ಗದಿದ್ದಾಗ, ಸೈಕಲ್ಲಿನಲ್ಲಿ ಬಂದು ಮಾರುವವರಿಂದ ಕೊಂಡಿದ್ದ ಆಸಿಡ್ಡನ್ನು ಅದೇ ನೆಲಕ್ಕೆ ಹಾಕಿದೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಪೊರಕೆ ಹಿಡಿದು ಬಗ್ಗಿದ್ದ ನನ್ನ ಮೂಗೂ ಅಲ್ಲಿಯೇ ಇತ್ತು. ಎರಡು ಉಸಿರಿಗೆ ಗಂಟಲು ಬಿಗಿದು, ಕಣ್ಣು ಕಾಣದೆ, ಗೋಡೆ ತಡವರಿಸಿಕೊಂಡು ಹೊರಬಂದೆ. “ಏನೋ ಇದು ಘಾಟು, ಏನು ಹಾಕಿದೆಯೋ?” ಎನ್ನುತ್ತ ಅಮ್ಮ ಒಳಗೇ ಬರುತ್ತಿದ್ದರು, ಅವರನ್ನು ಕೈಹಿಡಿದು ಬೀದಿಗೆ ಎಳೆದದ್ದೊಂದೇ ಅಂದು ನಾನು ಮಾಡಿದ ಸರಿಯಾದ ಕೆಲಸ. ಪಕ್ಕದ ಮನೆಯವರು 108ಕ್ಕೆ ಕರೆಮಾಡಿದರು. ಕ್ಲೋರಿನ್ ಶ್ವಾಸನಾಳದ ತೇವದೊಡನೆ ಸೇರಿ ಆಮ್ಲವಾಗುತ್ತದೆಂದೂ, ಕೆಮ್ಮು ತಗ್ಗಿದರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದೆಂದೂ ಹೇಳಿ ವೈದ್ಯರು ರಾತ್ರಿಯಿಡೀ ಇರಿಸಿಕೊಂಡರು. ಅಮೋನಿಯ ಇರುವ ಕ್ಲೀನರುಗಳನ್ನು ಬ್ಲೀಚಿಗೆ ಬೆರೆಸಿದರೂ ಬೇರೊಂದು ವಿಷಾನಿಲ ಏಳುತ್ತದೆ.

ಮನೆಗೆ ಬಂದ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. ಸೀಮೆಎಣ್ಣೆ ಹಚ್ಚಿ ಎಂದವರಿದ್ದರು, ಅಕ್ಕಿ ಮೂಟೆಗೆ ಇಡುವ ಮಾತ್ರೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಎಂದವರೂ ಇದ್ದರು. ಮೊದಲನೆಯದು ಬೆಂಕಿಗೆ ಆಹ್ವಾನ. ಎರಡನೆಯದರಿಂದ ಹೊರಡುವ ಫಾಸ್ಫೀನ್ ಎಂಬ ವಿಷಾನಿಲ ಪಕ್ಕದ ಕೋಣೆಗೂ ನುಸುಳಿ ಮಲಗಿದ್ದವರ ಜೀವ ತೆಗೆದದ್ದುಂಟು.

ಕಡೆಗೆ ಫಲಕೊಟ್ಟದ್ದು ಬಿಸಿ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನು ತಿಗಣೆಯೂ ಅದರ ಮೊಟ್ಟೆಯೂ ಹೆಚ್ಚು ಹೊತ್ತು ತಾಳಲಾರವು. ಹೊದಿಕೆ, ದಿಂಬಿನ ಗವಸುಗಳನ್ನು ಹಂಡೆಯ ಕುದಿನೀರಿನಲ್ಲಿ ನೆನೆಸಿದೆವು. ಮಂಚವನ್ನು ಬಿಚ್ಚಿ ಅಂಗಳಕ್ಕೆ ತಂದು ಪ್ರತಿಯೊಂದು ತೂತಿಗೂ ಕುದಿಯುವ ನೀರು ಹೊಯ್ದೆವು, ಮರ ಒಣಗಿದ ನಂತರ ಬಿರುಕುಗಳಿಗೆ ಮೇಣ ತುಂಬಿದೆವು. ಹಾಸಿಗೆಯನ್ನು ಮಾತ್ರ ಪರವಾನಗಿ ಇರುವ ಕೀಟ ನಿಯಂತ್ರಣದವರಿಗೆ ಒಪ್ಪಿಸಿದೆವು. ಮೊದಲ ಸಲ ಉಳಿದ ಮೊಟ್ಟೆಗಳು ಒಡೆದಿರುತ್ತವೆಂದು ಎರಡು ವಾರ ಬಿಟ್ಟು ಅವರು ಮತ್ತೊಮ್ಮೆ ಬಂದರು. ಆ ನಡುವೆ ಕೋಣೆಯನ್ನು ಖಾಲಿ ಬಿಟ್ಟಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಬೆಳೆದ ತಿಗಣೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು.

ಆಸಿಡ್ ಬಾಟಲಿ ಈಗ ಮನೆಯಲ್ಲಿಲ್ಲ. ಮಂಚದ ಕಪ್ಪು ಕಲೆ ಹಾಗೆಯೇ ಇದೆ. ಅಮ್ಮ ಈಗಲೂ ಅದರ ಮೇಲೆಯೇ ಮಲಗುತ್ತಾರೆ, ಆದರೆ ದೀಪ ಆರಿಸುವ ಮುನ್ನ ಮೊಬೈಲಿನ ಟಾರ್ಚ್ ಹಿಡಿದು ಒಂದೊಂದು ಸಂದನ್ನೂ ನೋಡಿಯೇ.