ಯಾರದೋ ದುಡ್ಡು, ಟ್ರ್ಯಾಕಿನಲ್ಲಿ ಜಾತ್ರೆ: ರೇಸಿಂಗಿಗೆ ಕ್ರೌಡ್‌ಫಂಡಿಂಗ್, ದುಡ್ಡು ಕೊಡುವವನ ವಿಮರ್ಶೆ

ಹವ್ಯಾಸಕ್ಕೆ ಕಾರು, ಬೈಕು, ಕಾರ್ಟ್ (ಚಿಕ್ಕ ರೇಸ್ ಗಾಡಿ) ಓಡಿಸುವವರು ಸೀಸನ್ ಖರ್ಚಿಗೆ ಆನ್‌ಲೈನಿನಲ್ಲಿ ದುಡ್ಡು ಎತ್ತುವುದು ಈಗ ಸಾಮಾನ್ಯ. ಅಂಥ ಪೇಜ್‌ಗಳಿಗೆ ನಾನೂ ಆಗಾಗ ಕೊಟ್ಟಿದ್ದೇನೆ. ಇನ್ನು ಕೆಲವನ್ನು ಅರ್ಧ ಓದಿ ಸುಮ್ನೆ ಮುಚ್ಚಿದ್ದೇನೆ. ದೇಣಿಗೆ ಸೈಟುಗಳಿಗೆ ಐದರಲ್ಲಿ ಎರಡು ಸ್ಟಾರ್, ಕೊಟ್ಟ ದುಡ್ಡಿಗೆ ಏನಾದರೂ ವಾಪಸ್ ಸಿಗುವ ಕಿಕ್‌ಸ್ಟಾರ್ಟರ್ ತರದವಕ್ಕೆ ಮೂರು, ತಿಂಗಳಿಗಿಷ್ಟು ಅಂತ ಚಂದಾ ಕಟ್ಟುವ ಪೇಟ್ರಿಯಾನ್ ತರದವಕ್ಕೆ ನಾಲ್ಕು. ಆ್ಯಪ್ ಚೆನ್ನಾಗಿದೆಯಾ, ದುಡ್ಡು ಬೇಗ ಹೋಗುತ್ತದಾ ಅನ್ನೋದನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಆ ವಿಷಯದಲ್ಲಿ ಎಲ್ಲವೂ ಒಂದೇ ತರ ಚೆನ್ನಾಗಿವೆ.

ಮೊದಲು ದೇಣಿಗೆ ಸೈಟುಗಳು. 2010ರಲ್ಲಿ ಶುರುವಾದ ಗೋಫಂಡ್‌ಮೀ ಇದರಲ್ಲಿ ದೊಡ್ಡ ಹೆಸರು. ಅಲ್ಲಿ ಆಪರೇಶನ್ನಿಗೆ ದುಡ್ಡು ಕೇಳುವವರು, ಮನೆಗೆ ಬೆಂಕಿ ಬಿದ್ದವರು, ಅಪ್ಪ ತೀರಿಕೊಂಡು ಮಕ್ಕಳ ಫೀಸು ಕಟ್ಟಲಾಗದವರು ಸಾಲಾಗಿ ಇರುತ್ತಾರೆ. ಅದೇ ಸಾಲಿನಲ್ಲಿ ಒಬ್ಬ ರೇಸರ್ ಬಂದು ‘ನನ್ನ ಕನಸು ಉಳಿಸಿ’ ಅಂತ ಬರೆಯುತ್ತಾನೆ. ಹಿಂದೆ ಫೋಟೋದಲ್ಲಿ ರೇಸ್ ಕಾರು, ಅದನ್ನು ಹೊತ್ತೊಯ್ಯುವ ಟ್ರೇಲರ್, ಟ್ರೇಲರ್ ಎಳೆಯುವ ದೊಡ್ಡ ಗಾಡಿ. ಮೂರೂ ಇವನವೇ! ಕೊಡುವವರಲ್ಲಿ ಎಷ್ಟೋ ಜನರ ಹತ್ತಿರ ಈ ಮೂರರಲ್ಲಿ ಒಂದೂ ಇರಲಿಕ್ಕಿಲ್ಲ.

ಕೇಳೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾರು ಬೇಕಾದರೂ ಕೇಳಬಹುದು, ಇಷ್ಟ ಇದ್ದವರು ಕೊಡುತ್ತಾರೆ, ಇಲ್ಲದವರು ಬಿಡುತ್ತಾರೆ. ನನ್ನ ತಕರಾರು ಕೇಳುವ ಧಾಟಿಯ ಬಗ್ಗೆ. ಮೋಜಿಗೆ ದುಡ್ಡು ಬೇಕು ಅಂತ ನೇರವಾಗಿ ಹೇಳಿದರೆ ನಾನು ನಗುತ್ತಾ ಕೊಡುತ್ತೇನೆ. ಅದೇ ಮೋಜಿಗೆ ಕಷ್ಟದ ವೇಷ ಹಾಕಿ ಬಂದರೆ ಕೈ ಹಿಂದಕ್ಕೆ ಹೋಗುತ್ತದೆ.

ಇದರ ಅತಿ ಕೆಟ್ಟ ರೂಪ ಅಂದರೆ ಸೇಫ್ಟಿ ಹೆಸರಲ್ಲಿ ಕೇಳೋದು. ‘ಹೊಸ ಹೆಲ್ಮೆಟ್ ಇಲ್ಲದೆ ಓಡಬೇಕಾಗಿದೆ, ನನ್ನ ಜೀವ ನಿಮ್ಮ ಕೈಯಲ್ಲಿ’ ಎಂಬ ಧಾಟಿ. ಹೆಲ್ಮೆಟ್, ಬೆಂಕಿ ತಡೆಯುವ ಸೂಟು, ಕತ್ತು ಕಾಯುವ ಹ್ಯಾನ್ಸ್, ಇವು ಟಯರು ಪೆಟ್ರೋಲಿಗಿಂತ ಮುಂಚೆ ಬರಬೇಕಾದ ಖರ್ಚು. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆ ರೇಸ್ ಹೆಲ್ಮೆಟ್ಟಿನ ಮಾನದಂಡವನ್ನು ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸುತ್ತದೆ, ಹಾಗಾಗಿ ಹಳೆಯದನ್ನು ಒಂದಲ್ಲ ಒಂದು ದಿನ ಬಿಡಲೇಬೇಕು ಅನ್ನೋದು ಈ ಆಟಕ್ಕೆ ಇಳಿಯುವ ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೆ ದುಡ್ಡಿಲ್ಲದಿದ್ದರೆ ಆ ಸೀಸನ್ ಮನೆಯಲ್ಲಿ ಕೂರಬೇಕು, ಅಷ್ಟೇ. ನಿಮ್ಮ ಜೀವದ ಹೊಣೆಯನ್ನು ಸ್ಕ್ರೋಲ್ ಮಾಡುತ್ತಾ ಕೂತ ಅಪರಿಚಿತನ ತಲೆಗೆ ಕಟ್ಟೋದು ಯಾವ ನ್ಯಾಯ?

ಆದರೆ ಇದೇ ದೇಣಿಗೆಯ ದಾರಿ ತನ್ನ ಸರಿಯಾದ ಕೆಲಸ ಮಾಡಿದ್ದನ್ನೂ ಹೇಳಬೇಕು. 2017ರ ಏಪ್ರಿಲ್‌ನಲ್ಲಿ ಡಾನಿಂಗ್‌ಟನ್ ಪಾರ್ಕ್‌ನಲ್ಲಿ ಬ್ರಿಟಿಷ್ ಫಾರ್ಮುಲಾ 4 ರೇಸಿನ ಅಪಘಾತದಲ್ಲಿ ಬಿಲ್ಲಿ ಮಾಂಗರ್ ಎಂಬ ಹುಡುಗ ಎರಡೂ ಕಾಲು ಕಳೆದುಕೊಂಡ. ಅವನಿಗಾಗಿ ಜಸ್ಟ್‌ಗಿವಿಂಗ್‌ನಲ್ಲಿ 2,60,000 ಪೌಂಡ್ ಗುರಿ ಇಟ್ಟು ಪೇಜ್ ತೆರೆದರು. ಒಂದು ದಿನದೊಳಗೆ ಗುರಿ ದಾಟಿತು. ಫಾರ್ಮುಲಾ 1 ಡ್ರೈವರ್‌ಗಳೂ ಕೊಟ್ಟರು, ಹೆಸರಿಲ್ಲದ ಸಾಮಾನ್ಯ ಜನರೂ ಕೊಟ್ಟರು. ಅಲ್ಲಿ ಯಾರೂ ‘ಇದು ಸರಿಯಾ’ ಅಂತ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಬಿದ್ದವನನ್ನು ಎತ್ತೋದಕ್ಕೂ ಓಡುವವನಿಗೆ ಹೊಸ ಸ್ಲಿಕ್ ಟಯರ್ ಕೊಡಿಸೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಸೈಟಿಗೆ ಮಾತ್ರ ಆ ವ್ಯತ್ಯಾಸ ಕಾಣಲ್ಲ. ಎರಡಕ್ಕೂ ಅದೇ ಹೃದಯದ ಚಿಹ್ನೆ, ಅದೇ ‘ದಾನ ಮಾಡಿ’ ಬಟನ್.

ಶುಲ್ಕದ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ವೈಯಕ್ತಿಕ ಪೇಜ್‌ಗಳಿಗೆ ಇದ್ದ ಶೇ. 5 ಶುಲ್ಕವನ್ನು ಗೋಫಂಡ್‌ಮೀ 2017ರಲ್ಲಿ ತೆಗೆಯಿತು, ಕಾರ್ಡ್ ಖರ್ಚು ಉಳಿದಿದೆ. ಬದಲಿಗೆ ಕೊಡುವವನ ಹತ್ತಿರ ‘ಟಿಪ್’ ಕೇಳುತ್ತಾರೆ, ಅದರ ಸ್ಲೈಡರ್ ಸೊನ್ನೆಯಿಂದ ಶುರುವಾಗಲ್ಲ. ಕೈಯಿಂದ ಎಳೆದು ಇಳಿಸಬೇಕು. ಇಳಿಸಿ, ಸಂಕೋಚ ಬೇಡ.

ಕಿಕ್‌ಸ್ಟಾರ್ಟರ್ ಬೇರೆ ತರ. ಗುರಿ ಮುಟ್ಟಿದರೆ ಮಾತ್ರ ದುಡ್ಡು ಹೋಗುತ್ತದೆ, ಇಲ್ಲದಿದ್ದರೆ ಯಾರ ಕಾರ್ಡಿನಿಂದಲೂ ಒಂದು ಪೈಸೆ ಕಡಿತ ಆಗಲ್ಲ. ರೇಸಿಂಗಿಗೆ ಇದು ಬಹಳ ಮುಖ್ಯ. ಯಾಕಂದರೆ ಅರ್ಧ ಸೀಸನ್ನಿನ ದುಡ್ಡು ಬಂದರೆ ಅರ್ಧ ಸೀಸನ್ ಓಡುತ್ತಾನೆ ಅಂತಲ್ಲ, ಎಷ್ಟೋ ಸಲ ಒಂದು ರೇಸೂ ಓಡದೆ ಎಂಟ್ರಿ ಫೀ, ಲೈಸೆನ್ಸು, ಟೆಸ್ಟಿಂಗ್ ಅಂತಲೇ ಕರಗಿಹೋಗುತ್ತದೆ. ಇನ್ನೊಂದು, ಅಲ್ಲಿನ ನಿಯಮದ ಪ್ರಕಾರ ನೀವು ಏನನ್ನಾದರೂ ಮಾಡಿ ಜನರ ಜೊತೆ ಹಂಚಿಕೊಳ್ಳಬೇಕು. ಸುಮ್ನೆ ‘ನನ್ನ ಖರ್ಚು ನೋಡಿಕೊಳ್ಳಿ’ ಅಂದರೆ ನಡೆಯಲ್ಲ. ಹಾಗಾಗಿ ರೇಸರ್ ತಲೆ ಓಡಿಸಲೇಬೇಕು. ಸೀಸನ್ನಿನ ಫೋಟೋ ಪುಸ್ತಕವೋ, ಹಳೇ ಕಾರನ್ನು ಬಿಚ್ಚಿ ಕಟ್ಟುವ ವಿಡಿಯೋ ಸರಣಿಯೋ, ಏನೋ ಒಂದು. ಸೈಟು ತನ್ನ ಪಾಲಿಗೆ ಶೇ. 5 ಹಿಡಿಯುತ್ತದೆ, ಪಾವತಿ ಶುಲ್ಕ ಬೇರೆ. ಪರವಾಗಿಲ್ಲ, ಆ ಶಿಸ್ತಿಗೆ ಅಷ್ಟು ಕೊಡಬಹುದು. ಮೂರೇ ಸ್ಟಾರ್ ಯಾಕೆ ಅಂದರೆ, ದುಡ್ಡು ಒಮ್ಮೆ ಕೈ ದಾಟಿದ ಮೇಲೆ ಇಲ್ಲೂ ನಿಮ್ಮ ಹಿಡಿತ ಇಲ್ಲ. ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಹೊಡೆದರೆ ಅಲ್ಲಿಗೆ ಮುಗಿಯಿತು. ಮಾಮೂಲಿ ವಾಹನ ವಿಮೆ ರೇಸಿಂಗ್ ಹಾನಿಗೆ ಅನ್ವಯಿಸುವುದಿಲ್ಲ ಅನ್ನೋದು ನೆನಪಿರಲಿ.

ದೊಡ್ಡವರು ಇದನ್ನು ಹೇಗೆ ಮಾಡಿದರು ಅಂತ ನೋಡಿದರೆ ಇನ್ನೂ ಗೊತ್ತಾಗುತ್ತದೆ. ಜಪಾನಿನ ಫಾರ್ಮುಲಾ 1 ಡ್ರೈವರ್ ಕಮುಯಿ ಕೊಬಯಾಶಿ 2012ರಲ್ಲಿ ತಮ್ಮದೇ ದೇಶದ ಸುಜುಕಾ ಟ್ರ್ಯಾಕಿನಲ್ಲಿ ಮೂರನೇ ಸ್ಥಾನ ಗಳಿಸಿ ಪೋಡಿಯಂ ಹತ್ತಿದರೂ ತಂಡದಲ್ಲಿ ಸೀಟು ಉಳಿಯಲಿಲ್ಲ. ಅಭಿಮಾನಿಗಳ ಹತ್ತಿರ ದುಡ್ಡು ಕೇಳಿದರು, ಹತ್ತು ಲಕ್ಷ ಯೂರೋಗೂ ಜಾಸ್ತಿ ಬಂತು. ಆದರೂ 2013ಕ್ಕೆ ಫಾರ್ಮುಲಾ 1 ಸೀಟು ಸಿಗಲಿಲ್ಲ, 2014ರಲ್ಲಿ ಕೇಟರ್‌ಹ್ಯಾಮ್ ತಂಡ ಸೇರಿದರು. ಅದೇ ವರ್ಷ ಆ ತಂಡವೇ ಮುಳುಗುವ ಸ್ಥಿತಿಗೆ ಬಂದು, ಕಡೆಯ ಅಬುಧಾಬಿ ರೇಸಿಗೆ ಹೋಗಲು ಕ್ರೌಡ್‌ಕ್ಯೂಬ್ ಎಂಬ ಸೈಟಿನ ಮೂಲಕ 23.5 ಲಕ್ಷ ಪೌಂಡ್ ಕೇಳಿತು. ತಂಡ ಅಬುಧಾಬಿಗೆ ಹೋಗಿ ಓಡಿತು, ಮರುವರ್ಷ ಅದರ ಸಾಮಾನುಗಳು ಹರಾಜಾದವು. ಕೊಟ್ಟವರಿಗೆ ಮೋಸ ಆಯಿತು ಅನ್ನಬಹುದಾ? ನನಗೆ ಹಾಗನಿಸಲ್ಲ. ‘ಒಂದು ರೇಸಿಗೆ’ ಅಂತ ಕೇಳಿದರು, ಆ ಒಂದು ರೇಸ್ ಓಡಿದರು. ಕೇಳಿದ್ದು ಇಷ್ಟು, ಮಾಡಿದ್ದು ಇಷ್ಟು. ಹವ್ಯಾಸಿಗಳ ಪೇಜ್‌ಗಳಲ್ಲಿ ನನಗೆ ಸಿಗದೇ ಇರೋದು ಈ ಲೆಕ್ಕವೇ. ‘ಈ ಸೀಸನ್’ ಅಂತ ಇರುತ್ತದೆ, ಎಷ್ಟು ರೇಸು, ಯಾವ ಕ್ಲಾಸು, ಉಳಿದ ದುಡ್ಡು ಏನಾಗುತ್ತದೆ, ಒಂದೂ ಇರಲ್ಲ.

ನನಗೇ ಆದ ಒಂದು ಅನುಭವ ಇದೆ. ಒಬ್ಬ ಕಾರ್ಟ್ ಓಡಿಸುವವನಿಗೆ ಕೊಟ್ಟಿದ್ದೆ. ಮೊದಲು ವಾರವಾರ ಅಪ್‌ಡೇಟ್, ಫೋಟೋ, ಥ್ಯಾಂಕ್ಸ್. ಆಮೇಲೆ ಎಂಜಿನ್ ಕೈಕೊಟ್ಟಿತು ಅಂತ ಒಂದು ಸಾಲು. ಆಮೇಲೆ ಏನೂ ಇಲ್ಲ. ಪೇಜ್ ಮಾತ್ರ ತೆರೆದೇ ಇತ್ತು, ಹೊಸಬರು ಕೊಡುತ್ತಲೇ ಇದ್ದರು. ಸೈಟಿನವರಿಗೆ ಬರೆದರೆ ಒಂದು ರೆಡಿಮೇಡ್ ಉತ್ತರ ಬಂತು: ನೇರವಾಗಿ ಅವರನ್ನೇ ಸಂಪರ್ಕಿಸಿ. ದುಡ್ಡು ಹೋಯಿತು ಅಂತ ಬೇಜಾರಿಲ್ಲ, ಎಂಜಿನ್ ಕೆಡೋದು ಈ ಆಟದಲ್ಲಿ ಇದ್ದದ್ದೇ. ‘ಓಡುತ್ತಿಲ್ಲ, ಇನ್ನು ಕೊಡಬೇಡಿ’ ಅಂತ ಒಂದು ಸಾಲು ಬರೆದು ಪೇಜ್ ಮುಚ್ಚಲು ಏನು ಕಷ್ಟ ಇತ್ತು?

ಇನ್ನೊಂದು ಕಡೆಯ ವಾದಕ್ಕೂ ಬೆಲೆ ಇದೆ. ಈ ಕ್ರೀಡೆ ದುಡ್ಡಿದ್ದವರ ಮಕ್ಕಳದ್ದು. ಲೂಯಿಸ್ ಹ್ಯಾಮಿಲ್ಟನ್ ಕಾರ್ಟಿಂಗ್ ಮಾಡಲಿ ಅಂತ ಅವರಪ್ಪ ಒಂದಕ್ಕಿಂತ ಜಾಸ್ತಿ ಕೆಲಸ ಮಾಡಿದರು. ಇನ್ನೊಬ್ಬ ಫಾರ್ಮುಲಾ 1 ಡ್ರೈವರ್ ಎಸ್ಟಬನ್ ಓಕಾನ್ ಅವರ ಅಪ್ಪ ಅಮ್ಮ ಮನೆ ಮಾರಿ ಕ್ಯಾರವಾನ್‌ನಲ್ಲಿ ಬದುಕಿದರು. ಮಾರಲು ಮನೆಯೇ ಇಲ್ಲದವರು ಏನು ಮಾಡಬೇಕು? ಅಂಥ ಒಂದು ಮಗುವಿಗೆ ನಾಲ್ಕು ಜನ ಸೇರಿ ದಾರಿ ಮಾಡಿಕೊಟ್ಟರೆ ನನಗೆ ಖುಷಿಯೇ. ಆದರೆ ನಲವತ್ತು ದಾಟಿದ ಮನುಷ್ಯ ವಾರಾಂತ್ಯದ ಖುಷಿಗೆ ಓಡಿಸುವುದನ್ನು ಇದರ ಜೊತೆ ಸೇರಿಸಬೇಡಿ. ಅವರಿಗೆ ಅಗ್ಗದ ದಾರಿಗಳಿವೆ. ಅಮೆರಿಕದ ‘24 ಅವರ್ಸ್ ಆಫ್ ಲೆಮನ್ಸ್’ ರೇಸಿನಲ್ಲಿ ಕಾರಿನ ಬೆಲೆ 500 ಡಾಲರ್ ಮೀರಬಾರದು ಅನ್ನೋದೇ ನಿಯಮ, ಸೇಫ್ಟಿ ಸಾಮಾನು ಮಾತ್ರ ಆ ಲೆಕ್ಕದಿಂದ ಹೊರಗೆ. ಅಲ್ಲಿ ಓಡುವವರ ಮುಖ ನೋಡಿ, ಮೋಜಿಗೇನೂ ಕೊರತೆ ಇಲ್ಲ.

ಹತ್ತಿರದವರ ಮೇಲೆ ಬೀಳುವ ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಹೆಸರಿಲ್ಲದ ರೇಸರ್‌ಗೆ ಅಪರಿಚಿತರು ಯಾಕೆ ಕೊಡುತ್ತಾರೆ? ಪೇಜ್ ತೆರೆದು ನೋಡಿದರೆ ಅತ್ತೆ, ಚಿಕ್ಕಪ್ಪ, ಆಫೀಸಿನವರು, ಹಳೇ ಕ್ಲಾಸ್‌ಮೇಟ್‌ಗಳೇ ಕಾಣುತ್ತಾರೆ. ಕೊಟ್ಟವರ ಹೆಸರು, ಮೊತ್ತ ಎಲ್ಲರಿಗೂ ಕಾಣುವಂತೆ ಇದ್ದರೆ ಕೊಡದವರು ಎದ್ದು ಕಾಣುತ್ತಾರೆ. ಕೈಕೆಳಗೆ ಕೆಲಸ ಮಾಡುವವರಿಗೆ ಲಿಂಕ್ ಕಳಿಸಿದ ಬಾಸ್ ಒಬ್ಬರನ್ನು ನಾನೇ ನೋಡಿದ್ದೇನೆ. ಅದು ದೇಣಿಗೆ ಅಲ್ಲ, ವಸೂಲಿ.

ಇಷ್ಟೆಲ್ಲ ಹೇಳಿ ಚಂದಾ ಪದ್ಧತಿಗೆ ಯಾಕೆ ನಾಲ್ಕು ಸ್ಟಾರ್? ತಿಂಗಳಿಗೆ ಸ್ವಲ್ಪ, ಬೇಡ ಅನಿಸಿದ ದಿನ ನಿಲ್ಲಿಸಬಹುದು. ಮೌನವಾದರೆ ಚಂದಾದಾರರು ಜಾರಿಕೊಳ್ಳುತ್ತಾರೆ, ಹಾಗಾಗಿ ರೇಸರ್ ಮಾತಾಡುತ್ತಲೇ ಇರಬೇಕು. ನಾನು ಈಗ ಚಂದಾ ಕಟ್ಟುವವಳು ತನ್ನ ಖರ್ಚಿನ ಪಟ್ಟಿಯನ್ನೇ ಹಾಕುತ್ತಾಳೆ: ಟಯರಿಗೆ ಇಷ್ಟು, ಬ್ರೇಕ್ ಪ್ಯಾಡಿಗೆ ಇಷ್ಟು, ರಾತ್ರಿ ತಂಗಿದ್ದಕ್ಕೆ ಇಷ್ಟು. ಗೇರ್‌ಬಾಕ್ಸ್ ಹೋದಾಗ ಅದನ್ನು ಬಿಚ್ಚಿ ಒಳಗೆ ಯಾವ ಹಲ್ಲು ಮುರಿದಿದೆ ಅಂತ ತೋರಿಸಿದಳು. ಅದನ್ನು ನೋಡೋದಕ್ಕೇ ನಾನು ದುಡ್ಡು ಕೊಡೋದು, ಅವಳು ಗೆಲ್ಲಲಿ ಅಂತಲ್ಲ. ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ವಿಡಿಯೋ ಮಾಡಲು ಬಾರದ ಒಳ್ಳೆ ಡ್ರೈವರ್‌ಗೆ ಇಲ್ಲಿ ಜಾಗ ಇಲ್ಲ, ಮಾತು ಬಲ್ಲ ಸಾಧಾರಣ ಡ್ರೈವರ್‌ಗೆ ಬೇಕಾದಷ್ಟಿದೆ.

ದೇಣಿಗೆ ಸೈಟಿನವರು ಪೇಜ್ ತೆರೆಯುವಾಗ ‘ಓಡಲಾಗದಿದ್ದರೆ ಉಳಿದ ದುಡ್ಡು ಏನಾಗುತ್ತದೆ’ ಎಂಬ ಒಂದು ಖಾನೆಯನ್ನು ಕಡ್ಡಾಯ ಮಾಡಲಿ, ಆ ದಿನವೇ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.