ರಿಲೇಯ ಪಿಟಿ–ಸಿಟಿ ಸೂಪರ್‌ವಿಷನ್: ವರ್ಷಗಟ್ಟಲೆ ಬಳಸಿದ ಮೇಲೆ

ಡಿಸ್ಟನ್ಸ್ ರಿಲೇ ಎಂದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಇಂಪೀಡೆನ್ಸ್ ಅಳೆದು, ಲೈನಿನಲ್ಲಿ ಫಾಲ್ಟ್ ಎಷ್ಟು ದೂರವಿದೆ ಎಂದು ನೋಡುವ ರಕ್ಷಣಾ ರಿಲೇ. ಅದಕ್ಕೆ ಪಿಟಿಯ (ವೋಲ್ಟೇಜನ್ನು ಅಳತೆಗೆ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರಿನ) ಫ್ಯೂಸ್ ಹೋಗಿದ್ದೂ ಒಂದೇ, ಬಸ್ ಪಕ್ಕದಲ್ಲೇ ಶಾರ್ಟ್ ಆಗಿದ್ದೂ ಒಂದೇ. ವೋಲ್ಟೇಜ್ ಬಿತ್ತು, ಕರೆಂಟ್ ಹರಿಯುತ್ತಿದೆ, ಇಂಪೀಡೆನ್ಸ್ ಸೊನ್ನೆ, ಟ್ರಿಪ್. ಇದನ್ನು ತಡೆಯಲೆಂದೇ ನ್ಯೂಮರಿಕಲ್ (ಮೈಕ್ರೊಪ್ರೊಸೆಸರ್ ಆಧಾರಿತ) ರಿಲೇಯಲ್ಲಿ ಫ್ಯೂಸ್ ಫೇಲ್ ಲಾಜಿಕ್ ಇದೆ. ಪಿಟಿ ಭಾಗವನ್ನು ನಂಬಬಹುದು, ಆದರೆ ಫ್ಯಾಕ್ಟರಿ ಸೆಟ್ಟಿಂಗಿನಲ್ಲೇ ಬಿಟ್ಟು ನಂಬಬಾರದು.

110 ವೋಲ್ಟ್ ಪಿಟಿಯಲ್ಲಿ ಫೇಸಿಗೆ 63.5 ವೋಲ್ಟ್. ಒಂದು ಫ್ಯೂಸ್ ಹೋದರೆ ನೆಗೆಟಿವ್ ಸೀಕ್ವೆನ್ಸ್ ವೋಲ್ಟೇಜ್ (ಮೂರು ಫೇಸ್‌ಗಳ ಅಸಮತೋಲನ ತೋರಿಸುವ ಭಾಗ) ಅದರ ಮೂರನೇ ಒಂದು ಭಾಗ, ಸುಮಾರು 21 ವೋಲ್ಟ್; ಎರಡು ಹೋದರೂ ಅಷ್ಟೇ. ಆದ್ದರಿಂದ ಮಿತಿಯನ್ನು 10 ವೋಲ್ಟಿನ ಆಸುಪಾಸಿನಲ್ಲಿಟ್ಟರೆ ಆರಾಮವಾಗಿ ಹಿಡಿಯುತ್ತದೆ. ಆ ವೋಲ್ಟೇಜ್ ಇದ್ದು, ಅದೇ ಬಗೆಯ ಕರೆಂಟ್ ತನ್ನ ಮಿತಿ ದಾಟದಿದ್ದರೆ ರಿಲೇ ಅದನ್ನು ಫ್ಯೂಸ್ ಫೇಲ್ ಎಂದು ತಿಳಿದು ಟ್ರಿಪ್ಪನ್ನು ತಡೆಯುತ್ತದೆ, ಅಂದರೆ ಬ್ಲಾಕ್ ಮಾಡುತ್ತದೆ. ಎಡವುವುದು ಈ ಕರೆಂಟ್ ಮಿತಿಯಲ್ಲಿ. ಲೋಡಿನ ಅಸಮತೋಲನಕ್ಕೆ ಹೆದರಿ ಅದನ್ನು ಏರಿಸುತ್ತಾ ಹೋದರೆ, ಸೋರ್ಸ್ ದುರ್ಬಲವಾಗಿರುವ ತುದಿಯಲ್ಲಿ ನಿಜವಾದ ಫಾಲ್ಟಿನ ಕರೆಂಟೂ ಆ ಮಿತಿ ದಾಟುವುದಿಲ್ಲ. ರಿಲೇ ಫಾಲ್ಟನ್ನೇ ಫ್ಯೂಸ್ ಫೇಲ್ ಎಂದುಕೊಂಡು ಜೋನ್‌ಗಳನ್ನು (ರಿಲೇ ಕಾಯುವ ದೂರದ ಹಂತಗಳನ್ನು) ಬ್ಲಾಕ್ ಮಾಡಿ ಕೂರುತ್ತದೆ. ನ್ಯೂಟ್ರಲ್ ಅರ್ಥ್ ಆಗಿರುವ ಟ್ರಾನ್ಸ್‌ಫಾರ್ಮರ್ ಅಲ್ಲಿದ್ದರೆ ಜೀರೋ ಸೀಕ್ವೆನ್ಸ್ (ಮೂರೂ ಫೇಸ್ ಕೂಡಿದಾಗ ಉಳಿಯುವ ಭಾಗ) ಆಧಾರದ ಆಯ್ಕೆಯೇ ಮೇಲು.

ಮೂರೂ ಫೇಸ್ ಒಟ್ಟಿಗೆ ಹೋದರೆ ನೆಗೆಟಿವ್ ಸೀಕ್ವೆನ್ಸ್ ಸೊನ್ನೆ. ಈ ಲಾಜಿಕ್ ಕುರುಡು. ಅದಕ್ಕೆ ಪಿಟಿ ಎಂಸಿಬಿಯ (ಪಿಟಿ ಸರ್ಕ್ಯೂಟಿನ ಚಿಕ್ಕ ಬ್ರೇಕರಿನ) ಆಕ್ಸಿಲಿಯರಿ ಕಾಂಟ್ಯಾಕ್ಟನ್ನು, ಅಂದರೆ ಅದು ಬಿದ್ದಿದ್ದನ್ನು ತಿಳಿಸುವ ಸಂಪರ್ಕವನ್ನು, ರಿಲೇಯ ಬೈನರಿ ಇನ್‌ಪುಟ್‌ಗೆ ತರಲೇಬೇಕು. ತಂದವರೂ ಮರೆಯುವುದು ಆ ಇನ್‌ಪುಟ್‌ನ ಫಿಲ್ಟರ್ ಸಮಯ, ಅಂದರೆ ಸಂಕೇತ ನಿಜವೇ ಎಂದು ನೋಡಲು ಅದು ಕಾಯುವ ಹೊತ್ತು. ಜೋನ್ 1 ಸುಮಾರು 20 ಮಿಲಿಸೆಕೆಂಡಿನಲ್ಲಿ ಟ್ರಿಪ್ ಕೊಡುವಾಗ ಫಿಲ್ಟರ್ ಅಷ್ಟೇ ಹೊತ್ತು ತಿಂದರೆ ಬ್ಲಾಕ್ ಬರುವಷ್ಟರಲ್ಲಿ ಬ್ರೇಕರ್ ಬಿದ್ದಿರುತ್ತದೆ. ಜೊತೆಗೆ, ವೋಲ್ಟೇಜ್ ಕುಸಿದಾಗ ಕರೆಂಟ್ ಜಿಗಿಯಿತೇ ಎಂದು ನೋಡುವ ಲಾಜಿಕ್ಕನ್ನೂ ಆನ್ ಮಾಡಿ.

ಇನ್ನೊಂದು ಕುರುಡು ಜಾಗ ಪಿಟಿ ನ್ಯೂಟ್ರಲ್. ಆ ವೈರ್ ಕಡಿದರೂ ಸಮತೋಲನದಲ್ಲಿ ಮೂರೂ ಫೇಸ್ ಸರಿಯಾಗಿಯೇ ಕಾಣುತ್ತವೆ, ಅಲಾರಂ ಬರುವುದಿಲ್ಲ. ಅರ್ಥ್ ಫಾಲ್ಟ್ ಬಂದ ದಿನ ಅಳತೆ ತಪ್ಪುತ್ತದೆ. ಇದಕ್ಕೆ ಟರ್ಮಿನಲ್ ಬಿಗಿ ನೋಡುತ್ತಿರಬೇಕು.

ಬ್ಲಾಕ್ ಇರುವಷ್ಟು ಹೊತ್ತು ಲೈನ್ ಕಾಯುವವರು ಯಾರು? ಎಮರ್ಜೆನ್ಸಿ ಓವರ್‌ಕರೆಂಟ್ (ವೋಲ್ಟೇಜ್ ಬೇಡದೆ ಕರೆಂಟನ್ನಷ್ಟೇ ನೋಡುವ ರಕ್ಷಣೆ) ಆನ್ ಮಾಡಿರಬೇಕು, ಅದರಲ್ಲೂ ಎರಡೂ ಮೇನ್ ರಿಲೇಗಳಿಗೆ ಒಂದೇ ಪಿಟಿ ಕೋರ್ ಇದ್ದರೆ.

ಸಿಟಿ (ಕರೆಂಟನ್ನು ಅಳತೆಗೆ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ಭಾಗಕ್ಕೆ ಅಷ್ಟು ಅಂಕ ಕೊಡಲಾಗುವುದಿಲ್ಲ. ಶೇಷ ಕರೆಂಟ್ (ಮೂರೂ ಫೇಸಿನ ಮೊತ್ತ) ಇದೆ, ಶೇಷ ವೋಲ್ಟೇಜ್ ಇಲ್ಲ, ಆದ್ದರಿಂದ ಸಿಟಿಯಲ್ಲೇ ದೋಷ ಎಂಬುದು ಸಾಮಾನ್ಯ ತರ್ಕ. ಒಂದು ಫೇಸ್ ಓಪನ್ ಆದರೆ ಶೇಷ ಕರೆಂಟ್ ಲೋಡಿನಷ್ಟೇ ಇರುತ್ತದೆ. ಮಿತಿ ರೇಟೆಡ್ ಕರೆಂಟಿನ ಶೇ. 20 ಇದ್ದು ಲೋಡ್ ಶೇ. 10 ಇದ್ದರೆ ರಿಲೇಗೆ ಏನೂ ತಿಳಿಯದು. ರಾತ್ರಿ ಸಡಿಲವಾದ ಲಿಂಕ್ ಬೆಳಿಗ್ಗೆ ಲೋಡ್ ಏರಿದಾಗ ಗೊತ್ತಾಗುತ್ತದೆ; ಡಿಫರೆನ್ಷಿಯಲ್ (ಒಳಬರುವ, ಹೊರಹೋಗುವ ಕರೆಂಟನ್ನು ಹೋಲಿಸುವ ರಕ್ಷಣೆ) ಇದ್ದರೆ ಟ್ರಿಪ್ಪಾಗಿಯೇ ಗೊತ್ತಾಗಬಹುದು. ಅಷ್ಟರಲ್ಲಿ ಓಪನ್ ಸೆಕೆಂಡರಿಯಲ್ಲಿ ಜೀವಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಏಳುತ್ತದೆ. ಆದ್ದರಿಂದ ಆ ಅಲಾರಂ ಬಂದರೆ ಟರ್ಮಿನಲ್ ಮುಟ್ಟುವ ಮುನ್ನ ಫೀಡರ್ ಆಫ್ ಮಾಡಿಸಿ.

ಪರೀಕ್ಷೆಗೆ 63.5 ವೋಲ್ಟ್, ಸಮತೋಲಿತ ಲೋಡ್ ಕರೆಂಟ್ ಇಂಜೆಕ್ಟ್ ಮಾಡಿ, ಒಂದು ಫೇಸಿನ ವೋಲ್ಟೇಜ್ ತೆಗೆಯಿರಿ, ಬ್ಲಾಕ್ ಬರಬೇಕು. ಮರಳಿ ಕೊಟ್ಟು, ಅದೇ ಫೇಸಿನ ವೋಲ್ಟೇಜ್ ತೆಗೆಯುವ ಕ್ಷಣದಲ್ಲೇ ಆ ಫೇಸಿನ ಕರೆಂಟ್ ಏರಿಸಿ. ಈಗ ಟ್ರಿಪ್ ಬರಬೇಕು, ಬ್ಲಾಕ್ ಬರಬಾರದು. ಈ ಎರಡನೆಯದನ್ನು ಬಿಟ್ಟ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಡಿ.